ಹ್ಯಾನ್‌ವುಡ್‌ನ ಶನಿವಾರಗಳು

ಗ್ಲಾಸ್ಟನ್, ಪೆನ್ಸಿಲ್ವೇನಿಯಾ
ಜುಲೈ, ೧೯೯೧

ವೆಂಡೆಲ್ ಅಣ್ಣನಿಗೆ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ನಿನ್ನ ತಂಗಿ ಮಿಲ್ಲಿಯ ಕಾಗದ ಎಂದು ನಿನಗೆ ಗೊತ್ತಾಗಿರುತ್ತದೆ. ಮೂವತ್ತು ವರ್ಷದಲ್ಲಿ ನನ್ನ ಅಕ್ಷರವೇನೂ ಸುಧಾರಿಸಿಲ್ಲ. ಹರಿದು ಬಿಸಾಡುವ ಮೊದಲು ಇಷ್ಟು ಓದು: ನಾನು ಸಮಾಧಾನ ಕೇಳಲು ಬರೆಯುತ್ತಿಲ್ಲ, ರಾಜಿಗೂ ಬರೆಯುತ್ತಿಲ್ಲ. ನಿನ್ನನ್ನು ವಿಚಾರಿಸಿಕೊಳ್ಳಲು ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ನನ್ನ ಗಂಡನನ್ನು ಮಣ್ಣು ಮಾಡುವ ದಿನ ನೀನು ಯಾಕೆ ಬಂದೆ?

ನಾನು ನೋಡಲಿಲ್ಲ ಅಂದುಕೊಂಡಿದ್ದರೆ ಅದು ನಿನ್ನ ಭ್ರಮೆ. ಕಪ್ಪು ಮುಸುಕಿನ ಒಳಗಿಂದ ಎಲ್ಲವೂ ಕಾಣುತ್ತದೆ, ಇನ್ನೂ ಚೆನ್ನಾಗಿಯೇ ಕಾಣುತ್ತದೆ. ಚರ್ಚಿನ ಕಡೆಯ ಬೆಂಚಿನ ಹಿಂದೆ, ಬಾಗಿಲಿಗೆ ಒತ್ತಿಕೊಂಡು ನೀನು ನಿಂತಿದ್ದೆ. ತಲೆಯ ಮೇಲೆ ಹಸಿರು ಟೋಪಿ. ದೇವರ ಮನೆಯೊಳಗೆ ಟೋಪಿ ಹಾಕಿಕೊಂಡ ಗಂಡಸು ನೀನೊಬ್ಬನೇ. ಅಮ್ಮ ಬದುಕಿದ್ದಿದ್ದರೆ ಅಲ್ಲೇ ಕಿವಿ ಹಿಂಡುತ್ತಿದ್ದಳು. ನನ್ನ ಸಾಂಟೊನ ಶವಪೆಟ್ಟಿಗೆ ನಿನ್ನ ಮುಂದೆ ಹಾದುಹೋದಾಗ ಟೋಪಿ ತೆಗೆದೆ. ಪೆಟ್ಟಿಗೆಯ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ. ಆಮೇಲೆ ಸ್ಮಶಾನಕ್ಕೂ ಬರದೆ, ಚರ್ಚಿನ ಸಭಾಂಗಣದಲ್ಲಿ ಬಡಿಸಿದ ಊಟಕ್ಕೂ ಕೂರದೆ, ನಿನ್ನ ಹಳೇ ಟ್ರಕ್ ಹತ್ತಿ ಸೇತುವೆ ಕಡೆ ಹೊರಟುಹೋದೆ.

ಒಂಬತ್ತು ಇನ್ನಿಂಗ್ಸ್‌ನ ಬೇಸ್‌ಬಾಲ್ ಆಟದಲ್ಲಿ ಏಳನೆಯದಕ್ಕೇ ಎದ್ದುಹೋಗುವವರನ್ನು ನಾನು ಯಾವತ್ತೂ ನಂಬಿಲ್ಲ. ರಸ್ತೆಯಲ್ಲಿ ಗಾಡಿಗಳು ತುಂಬಿಕೊಳ್ಳುತ್ತವೆ ಅನ್ನುತ್ತಾರೆ, ಮಕ್ಕಳಿಗೆ ನಿದ್ದೆ ಅನ್ನುತ್ತಾರೆ. ಸುಳ್ಳು. ತಾವು ಬಯಸಿದ್ದು ಸಿಕ್ಕಿತು, ಇನ್ನು ಮಿಕ್ಕವರ ಪಾಡು ತಮಗೇನು ಎಂದುಕೊಂಡವರು ಮಾತ್ರ ಹಾಗೆ ಎದ್ದು ಹೋಗುತ್ತಾರೆ. ನೀನು ಬಯಸಿದ್ದು ಏನು? ಅವನು ನಿಜವಾಗಿ ಸತ್ತಿದ್ದಾನೋ ಇಲ್ಲವೋ ನೋಡಬೇಕಿತ್ತೇ? ಪೆಟ್ಟಿಗೆ ತಟ್ಟಿ ಖಾತ್ರಿ ಮಾಡಿಕೊಂಡೆಯಾ? ಆ ದಿನ ನಾನು ಹಾಗೆಯೇ ಅಂದುಕೊಂಡೆ. ಗಂಡ ಹೋದ ದುಃಖದ ನಡುವೆಯೂ ಒಂದು ಮೂಲೆಯಲ್ಲಿ ಅದೇ ಕುದಿಯುತ್ತಿತ್ತು.

ನನ್ನ ಮಗಳು ತೆರೇಸಾ, ನೀನು ಒಮ್ಮೆಯೂ ಎತ್ತಿ ಆಡಿಸದ ನಿನ್ನ ಸೋದರ ಸೊಸೆ, ನನ್ನನ್ನು ಬೈಯುತ್ತಾಳೆ: "ಅಮ್ಮಾ, ನೀನು ಪಾದ್ರಿ ಆಶೀರ್ವಾದ ಮಾಡಿದ್ರೂ ಅವರ ಇನ್ನೊಂದು ಕೈ ಎಲ್ಲಿದೆ ಅಂತ ನೋಡ್ತೀಯ." ನೋಡುತ್ತೇನೆ. ಬೇಸ್‌ಬಾಲ್ ನೋಡಿ ಬೆಳೆದವಳು ಇನ್ನು ಹೇಗಿರಬೇಕು? ಎಸೆಯುವವನು, ಪಿಚರ್, ಚೆಂಡನ್ನು ಗ್ಲೌಸಿನೊಳಗೆ ಬಚ್ಚಿಟ್ಟುಕೊಂಡು ನಿಲ್ಲುತ್ತಾನೆ. ಅವನೆದುರು ಕುಕ್ಕರುಗಾಲಲ್ಲಿ ಕೂತ ಕ್ಯಾಚರ್ ತೊಡೆಗಳ ನಡುವೆ ಬೆರಳು ಆಡಿಸಿ ಗುಟ್ಟು ಹೇಳುತ್ತಾನೆ. ಆಚೆ ನಿಂತ ಕೋಚ್ ಮೂಗು ಮುಟ್ಟಿ, ಹೊಟ್ಟೆ ಮುಟ್ಟಿ, ಟೋಪಿ ಮುಟ್ಟಿ, ಮತ್ತೆ ಮೂಗು ಮುಟ್ಟುತ್ತಾನೆ. ಅದರಲ್ಲಿ ಒಂದು ನಿಜ, ಮಿಕ್ಕಿದ್ದೆಲ್ಲ ಬುರುಡೆ. ಚೆಂಡನ್ನು ಬೇಲಿಯಾಚೆ ಹಾರಿಸಿ, ಹೋಮ್ ರನ್ ಹೊಡೆದು, ಆಕಾಶ ನೋಡುವವನನ್ನು ನಾನು ನಂಬುವುದಿಲ್ಲ. ಅವನ ಕಣ್ಣಂಚು ಪ್ರೇಕ್ಷಕರ ಮೇಲಿರುತ್ತದೆ. ಅಂಪೈರ್‌ನ ಮಕ್ಕಳ ಯೋಗಕ್ಷೇಮ ವಿಚಾರಿಸುವ ಕ್ಯಾಚರನ್ನಂತೂ ಮೊದಲೇ ನಂಬುವುದಿಲ್ಲ. ಸೆಕೆಯೇ ಇಲ್ಲದ ದಿನ ಪದೇಪದೇ ಟೋಪಿಯ ಅಂಚು ಒರೆಸಿಕೊಂಡು, ಅಲ್ಲಿ ಬಚ್ಚಿಟ್ಟ ಜಿಡ್ಡನ್ನು ಚೆಂಡಿಗೆ ಸವರುವ ಪಿಚರ್ ಬಗ್ಗೆ ನಿನಗೇ ನಾನು ಹೇಳಬೇಕಿಲ್ಲ.

ಎಲ್ಲರಿಗಿಂತ ಹೆಚ್ಚು ನನಗೆ ಅನುಮಾನ "ಆವತ್ತು ನಾನೂ ಅಲ್ಲಿದ್ದೆ" ಅನ್ನುವವರ ಮೇಲೆ. ಐವತ್ತೊಂಬತ್ತರ ಆ ಭಾನುವಾರದ ಆಟಕ್ಕೆ ನಮ್ಮ ವೆಲ್ಕರ್ ಊರಿನ ಅರ್ಧ ಜನವೂ ಬಂದಿರಲಿಲ್ಲ. ಮರದ ಬೆಂಚುಗಳಲ್ಲಿ ಮೂರನೆಯ ಸಾಲಿನಿಂದ ಮೇಲೆ ಜನರಿಲ್ಲದೆ ಹಕ್ಕಿಗಳು ಕೂತಿದ್ದವು. ಈಗ ಕೇಳಿನೋಡು. ಎರಡೂ ದಡದ ಊರುಗಳಲ್ಲಿ, ಆಗ ಹುಟ್ಟಿಯೇ ಇರದವರೂ ಸೇರಿ, ಎಲ್ಲರೂ ಅಲ್ಲಿದ್ದರು.

ನಾನು ಅಲ್ಲಿದ್ದೆ. ನಿಮ್ಮ ತಂಡದ ಬೆಂಚಿನ ಹಿಂದೆ, ಅಮ್ಮನ ಪಕ್ಕದಲ್ಲಿ. ವಾರವಿಡೀ ಉಕ್ಕಿನ ಕುಲುಮೆಯ ಮುಂದೆ ಬೆಂದು, ಭಾನುವಾರ ಪಿಚರ್ ಆಗಿ ನಿಲ್ಲುತ್ತಿದ್ದ ನೀನು ಆ ದಿನ ಬೇರೆಯೇ ಮನುಷ್ಯನಾಗಿದ್ದೆ. ಎದುರಾಳಿ ನದಿಯಾಚೆಯ ಗ್ಲಾಸ್ಟನ್, ಗಾಜಿನ ಕಾರ್ಖಾನೆಯವರ ತಂಡ. ಎಂಟು ಇನ್ನಿಂಗ್ಸ್ ಮುಗಿದರೂ ಅವರಲ್ಲಿ ಒಬ್ಬನೂ ನಿನ್ನ ಚೆಂಡನ್ನು ಹೊಡೆದು ಬೇಸ್ ಸೇರಿರಲಿಲ್ಲ, ಲೆಕ್ಕದಲ್ಲಿ ಒಂದೂ ಹಿಟ್ ಇರಲಿಲ್ಲ. ಹಾಗೆಯೇ ಆಟ ಮುಗಿಸುವುದು ಪಿಚರ್‌ಗೆ ಜನ್ಮಕ್ಕೊಮ್ಮೆ ಸಿಗುವ ಕೀರ್ತಿ. ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಿದರೆ ಕೆಟ್ಟುಹೋಗುತ್ತದೆ. ನಿಮ್ಮ ಬೆಂಚಿನಲ್ಲಿ ಎಲ್ಲರೂ ನಿನ್ನಿಂದ ದೂರ ಸರಿದು ಕೂತಿದ್ದರು. ಕ್ಯಾಚರ್ ಕ್ಲೆಮ್ ಒಬ್ಬನೇ ಹತ್ತಿರ ಬರುತ್ತಿದ್ದ, ಅವನೂ ನಿನ್ನ ಮುಖ ನೋಡುತ್ತಿರಲಿಲ್ಲ. ಅಮ್ಮ ಜಪಸರ ತಿರುಗಿಸುತ್ತಿದ್ದಳು.

ಕೊನೆಯ, ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಒಬ್ಬ ಔಟಾದ, ಇನ್ನಿಬ್ಬರೇ ಬಾಕಿ. ನೀವು ಎರಡು ರನ್ ಮುಂದಿದ್ದಿರಿ. ಆಗ ಬ್ಯಾಟ್ ಹಿಡಿದು ಬಂದವನು ಸಾಂಟೊ ಫುಸ್ಕೊ. ಕುಳ್ಳ, ಸಪೂರ, ದೊಡ್ಡ ಕಿವಿ. ನೀನು ಎಸೆದೆ. ಅವನು ಬ್ಯಾಟ್ ಬೀಸಲಿಲ್ಲ. ಅಡ್ಡ ಹಿಡಿದು ಚೆಂಡನ್ನು ಮುಂದಕ್ಕೆ ಮೆಲ್ಲಗೆ ಬೀಳಿಸಿದ. ಅದು ಗೆರೆಯ ಪಕ್ಕದ ಹುಲ್ಲಿನಲ್ಲಿ ಉರುಳಿ ಉರುಳಿ ನಿಂತಿತು. ನೀನು ಓಡಿಹೋಗಿ ಎತ್ತಿಕೊಳ್ಳುವ ಹೊತ್ತಿಗೆ ಅವನು ಮೊದಲನೇ ಬೇಸ್ ದಾಟಿದ್ದ. ಒಂದು ಬಂಟ್. ಲೆಕ್ಕಕ್ಕೆ ಅದೂ ಒಂದು ಹಿಟ್ ಆಯಿತು.

ಸೀಸೆಗಳು ಬಂದು ಬಿದ್ದವು. "ಗಂಡಸಾಗಿದ್ರೆ ಬ್ಯಾಟ್ ಬೀಸೋ!" ಎಂದು ನಮ್ಮ ಮಾಂಸದಂಗಡಿಯ ಹ್ಯೂಬರ್ಟ್ ಕೂಗಿದ. "ನಿಮ್ಮಮ್ಮ ಇದನ್ನೇ ಕಲಿಸಿದ್ಲಾ?" ಎಂದು ಯಾರೋ ಹೆಂಗಸು. ಅವನು ಮೊದಲನೇ ಬೇಸಿನ ಮೇಲೆ ನಿಂತು ಯಾರ ಕಡೆಗೂ ನೋಡದೆ ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತಿದ್ದ. ಮುಂದಿನ ಇಬ್ಬರನ್ನು ನೀನು ಔಟ್ ಮಾಡಿದೆ. ಆಟ ಗೆದ್ದೆ. ನೀನು ಗೆದ್ದೆ ಅನ್ನುವುದನ್ನು ಊರಿನಲ್ಲಿ ಯಾರೂ ನೆನಪಿಟ್ಟುಕೊಂಡಿಲ್ಲ, ನೀನೂ ಸಹ.

ನನ್ನ ಅಭಿಪ್ರಾಯ ಆಗಲೂ ಇದೇ ಇತ್ತು, ಈಗಲೂ ಇದೇ. ಎರಡೇ ರನ್ನಿನ ಅಂತರ. ಅವನು ಹೇಗಾದರೂ ಬೇಸ್ ಸೇರಿದರೆ, ಮುಂದಿನವನ ಒಂದು ದೊಡ್ಡ ಹೊಡೆತಕ್ಕೆ ಆಟ ಸರಿಸಮ. ಹತ್ತು ರನ್ ಹಿಂದಿದ್ದು ಹಾಗೆ ಮಾಡಿದ್ದರೆ ನಾನೇ ಸೀಸೆ ಎಸೆಯುತ್ತಿದ್ದೆ. ಪಿಚರ್ ಇತಿಹಾಸ ಬರೆಯುವ ಹೊತ್ತಿನಲ್ಲಿ ಬಂಟ್ ಮಾಡಬಾರದು ಎಂದು ಯಾವ ಪುಸ್ತಕದಲ್ಲಿದೆ? ಪುಸ್ತಕದಲ್ಲಿಲ್ಲ, ಅದು ಬರೆಯದ ನಿಯಮ ಅನ್ನುತ್ತೀರಿ. ನನಗೆ ಅದರ ಮೇಲೆಯೇ ಗುಮಾನಿ. ಬರೆದ ನಿಯಮವಾದರೆ ಅಂಪೈರ್ ಜೊತೆ ಜಗಳವಾದರೂ ಆಡಬಹುದು. ಬರೆಯದ ನಿಯಮಕ್ಕೆ ಊರಿಗೆ ಊರೇ ಅಂಪೈರ್, ಮೇಲ್ಮನವಿಯೇ ಇಲ್ಲ. ಅದು ಯಾವಾಗಲೂ ಯಾರಿಗೆ ನೋವಾಯಿತೋ ಅವರ ಬಾಯಲ್ಲೇ ಹುಟ್ಟುತ್ತದೆ, ನೋವಾದ ಮೇಲೆಯೇ ಹುಟ್ಟುತ್ತದೆ.

ನಿನ್ನ ನೋವು ಎಲ್ಲಿತ್ತು ಎಂದು ನನಗೆ ಗೊತ್ತಿತ್ತು. ಬ್ಯಾಟ್ ಹಿಡಿದವನು ನಿಲ್ಲುವ ಹೋಮ್ ಪ್ಲೇಟಿನ ಹಿಂದೆ ಹುಲ್ಲು ಟೋಪಿ ಹಾಕಿಕೊಂಡು ಕೂತಿದ್ದವನು ದೊಡ್ಡ ತಂಡವೊಂದಕ್ಕೆ ಆಟಗಾರರನ್ನು ಆರಿಸುವವನು ಎಂದು ಸುದ್ದಿ. ಆ ಒಂದು ಬಂಟ್ ಇರದಿದ್ದರೆ ಅವತ್ತೇ ನಿನ್ನ ಕೈ ಹಿಡಿದುಕೊಂಡು ಕರೆದೊಯ್ಯುತ್ತಿದ್ದ, ಕುಲುಮೆಯ ಬೂದಿ ನಿನ್ನ ಎದೆ ಸೇರುತ್ತಿರಲಿಲ್ಲ ಎಂದು ಊರೆಲ್ಲ ಹೇಳಿತು. ಆ ಮನುಷ್ಯ ಏಳನೇ ಇನ್ನಿಂಗ್ಸ್‌ನಲ್ಲೇ ಎದ್ದು ಕಾರು ಹತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅವನು ಆಟಗಾರರನ್ನು ಆರಿಸುವವನೇ ಹೌದೋ ಎಂಬುದೇ ನನಗೆ ಅನುಮಾನ. ಹೆಸರು ಯಾರಿಗೂ ಗೊತ್ತಿಲ್ಲ, ಮಾತಾಡಿಸಿದವರಿಲ್ಲ. ಹೊಲಿಗೆಯಂತ್ರ ಮಾರುವವನೋ, ದಾರಿ ತಪ್ಪಿ ಬಂದವನೋ.

ಮೂರು ವಾರದ ನಂತರ ಗ್ಲಾಸ್ಟನ್‌ನ ಮೈದಾನದಲ್ಲಿ ಮತ್ತೆ ಆಟ. ಸಾಂಟೊ ಬಂದು ನಿಂತ. ನಿನ್ನ ಮೊದಲನೇ ಚೆಂಡೇ ಅವನ ಪಕ್ಕೆಗೆ. ಆ ಸದ್ದು ನಮ್ಮವರೆಗೂ ಕೇಳಿಸಿತು, ಒದ್ದೆ ಹಾಸಿಗೆಗೆ ಕೋಲಿನಿಂದ ಬಡಿದ ಹಾಗೆ. ನಮ್ಮ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೈ ಜಾರಿತು ಎಂದು ಅಂಪೈರ್‌ಗೆ ಹೇಳಿದೆಯಂತೆ. ನಿನ್ನ ಕೈ ಜಾರುವಂಥದಲ್ಲ, ವೆಂಡೆಲ್. ನೀನು ಚಿಕ್ಕವನಿದ್ದಾಗ ಬೇಲಿಯ ಮೇಲಿಟ್ಟ ಡಬ್ಬಿಗೆ ಕಲ್ಲು ಎಸೆದು ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ. ಪೆಟ್ಟು ತಿಂದವನು ಆ ಜಾಗ ಉಜ್ಜಿಕೊಳ್ಳಬಾರದು ಎನ್ನುವುದೂ ನಿಮ್ಮ ಬರೆಯದ ನಿಯಮವೇ. ಅವನು ಉಜ್ಜಿಕೊಳ್ಳಲಿಲ್ಲ. ಬ್ಯಾಟನ್ನು ಮೆಲ್ಲಗೆ ನೆಲಕ್ಕಿಟ್ಟು, ಪೆಟ್ಟು ತಿಂದವನಿಗೆ ಸಲ್ಲುವ ಮೊದಲನೇ ಬೇಸಿಗೆ ನಡೆದುಹೋದ. ಮುಖ ಮಾತ್ರ ಸುಣ್ಣ.

ಮಾರನೇ ದಿನ ಅವನು ಸೇತುವೆ ದಾಟಿ, ನಾನು ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಗೆ ಬಂದ. ನೋವಿನ ಮುಲಾಮು ಕೇಳಿದ. ನನಗೆ ತಕ್ಷಣ ಅನುಮಾನ.

"ಗ್ಲಾಸ್ಟನ್‌ನಲ್ಲಿ ಔಷಧಿ ಅಂಗಡಿ ಇಲ್ವಾ?" ಎಂದೆ.

"ಇದೆ. ಅಲ್ಲಿ ತಗೊಂಡ್ರೆ ನಂಗೆ ನೋವಾಗಿದೆ ಅಂತ ಊರಿಗೆಲ್ಲ ಗೊತ್ತಾಗುತ್ತೆ."

"ಇಲ್ಲಿ ತಗೊಂಡ್ರೆ?"

"ಇಲ್ಲಿಯವರಿಗೆ ಸಂತೋಷ ಆಗುತ್ತೆ. ಯಾರಿಗಾದ್ರೂ ಆಗ್ಲಿ ಬಿಡಿ." ಆಮೇಲೆ ನನ್ನ ಮುಖ ನೋಡಿ, "ನೀವು ಅವನ ತಂಗಿ ಅಲ್ವಾ?" ಎಂದ.

"ಯಾರು ಹೇಳಿದ್ದು?"

"ಹೇಳೋದೇನು ಬಂತು. ಅವನೂ ಎಸೆಯೋಕೆ ಮುಂಚೆ ಹಿಂಗೇ ಗುರಾಯಿಸ್ತಾನೆ."

ನಗು ಬಂತು, ತಡೆದುಕೊಂಡೆ. ಅವನು ನಿನ್ನ ಮೇಲಿನ ಸೇಡಿಗೆ ನನ್ನ ಹಿಂದೆ ಬಿದ್ದಿದ್ದಾನೆ ಎಂದು ಒಂದು ವರ್ಷ ಪೂರ್ತಿ ಅಂದುಕೊಂಡಿದ್ದೆ. ಮುಲಾಮು ಮುಗಿಯುವ ಮೊದಲೇ ಮತ್ತೆ ಮುಲಾಮಿಗೆ ಬರುತ್ತಿದ್ದ. "ಎಷ್ಟು ಪಕ್ಕೆ ಇದೆ ನಿಂಗೆ?" ಎಂದು ಒಂದು ದಿನ ಕೇಳಿಯೇಬಿಟ್ಟೆ. ಆಮೇಲಿನದು ನಿನಗೆ ಗೊತ್ತಿದೆ. ಅವನನ್ನೇ ಮದುವೆಯಾಗುತ್ತೇನೆ ಎಂದು ನಿಮಗೆ ಗೊತ್ತಾದ ದಿನ ಅಮ್ಮ ಅಡಿಗೆಮನೆಯಲ್ಲಿ ಪಿರೋಹಿ ಕಡುಬಿಗೆ ಹಿಟ್ಟು ನಾದುತ್ತಿದ್ದಳು. ನೀನು ತಟ್ಟೆಯ ಮುಂದೆ ಕೂತಿದ್ದೆ.

"ಈ ಊರಲ್ಲಿ ಇಷ್ಟು ಗಂಡಸ್ರು ಇದಾರೆ. ಚೆಂಡು ಹೊಡೆಯೋಕೆ ಧೈರ್ಯ ಇಲ್ಲದವನೇ ಬೇಕಾಯ್ತಾ ನಿಂಗೆ?" ಎಂದು ನೀನು ಕೇಳಿದೆ.

ನಾನು ಹುಲ್ಲು ಟೋಪಿಯವನ ವಿಷಯ ಹೇಳಿದೆ. ಆವತ್ತೇ ಮೊದಲ ಸಲ ಹೇಳಿದ್ದೂ ಅಲ್ಲ. ಆಟ ಮುಗಿದ ಸಂಜೆಯೇ ಹೇಳಿದ್ದೆ, ಆಗ ನಿನ್ನ ಕಿವಿಗೆ ಬಿದ್ದಿರಲಿಲ್ಲ. ಈಗ ಬಿತ್ತು.

"ಅವನು ಹೇಳಿಕೊಟ್ಟಿದಾನೆ ನಿಂಗೆ," ಎಂದೆ ನೀನು. "ಇದನ್ನ ಅವನೇ ಹೇಳಿಕೊಟ್ಟಿದಾನೆ." ತಟ್ಟೆ ಎತ್ತಿ ತೊಟ್ಟಿಯಲ್ಲಿಟ್ಟು, "ಆ ಸೇತುವೆ ದಾಟಿದ ಮೇಲೆ ಈ ಕಡೆ ತಿರುಗಿ ಬರಬೇಡ, ಮಿಲ್ಲಿ," ಎಂದು ಹೊರಗೆ ಹೋದೆ.

ಅನುಮಾನ ನನ್ನೊಬ್ಬಳ ರೋಗವಲ್ಲ, ಅಣ್ಣ. ಅದು ನಮ್ಮ ಹ್ರಿಂಕೊ ಮನೆತನದ್ದು.

ಮದುವೆಗೆ ಅಮ್ಮ ಒಬ್ಬಳೇ ಬಂದಳು, ಕಪ್ಪು ಕೋಟು ಹಾಕಿಕೊಂಡು. ಅಮ್ಮನ ಸಾವಿನಲ್ಲಿ ನೀನು ಗುಂಡಿಯ ಆ ಬದಿ, ನಾನು ಈ ಬದಿ. ವೆಲ್ಕರ್ ಮೈದಾನಕ್ಕೆ ನಾನು ಮತ್ತೆ ಕಾಲಿಡಲಿಲ್ಲ, ಅಲ್ಲಿ ನನ್ನನ್ನು ಕಂಡರೆ ಉಗುಳುತ್ತಿದ್ದರು. ಗ್ಲಾಸ್ಟನ್ ಮೈದಾನದಲ್ಲಿ ನಾನು ಪಕ್ಕೆಗೆ ಹೊಡೆದವನ ತಂಗಿ. ಎರಡೂ ಕಡೆಯ ಹೆಂಗಸರು ನನಗೆ ಜಾಗ ಬಿಡುತ್ತಿರಲಿಲ್ಲ. ಹಾಗಾಗಿ ರೇಡಿಯೋ. ಬೇಸಿಗೆಯಲ್ಲಿ ಹಿಂದಿನ ಜಗಲಿಯ ಮೇಲೆ ಸಾಂಟೊ, ನಾನು, ನಡುವೆ ರೇಡಿಯೋ, ಪಿಟ್ಸ್‌ಬರ್ಗ್ ತಂಡದ ಆಟ. ಪ್ರತಿ ಎಸೆತಕ್ಕೂ ಜಗಳ ಆಡುತ್ತಿದ್ದೆವು. ಕಣ್ಣಿಗೆ ಕಾಣದ ಚೆಂಡಿಗಾಗಿ ನಾವು ಆಡಿದಷ್ಟು ಜಗಳ, ಕಂಡವರೂ ಆಡಿರಲಾರರು. ಆದರೂ ಹುಲ್ಲಿನ ವಾಸನೆ ರೇಡಿಯೋದಲ್ಲಿ ಬರುವುದಿಲ್ಲ. "ಒಂದ್ಸಲ ನಿಜವಾದ ಆಟಕ್ಕೆ ಹೋಗೋಣ್ವಾ?" ಎಂದು ನಾನು ಎಷ್ಟೋ ಸಲ ಕೇಳಿದ್ದೆ. "ಬಿಡು ಮಿಲ್ಲಿ, ಮತ್ತೆ ಯಾರಾದ್ರೂ ಏನಾದ್ರೂ ಅಂತಾರೆ," ಅನ್ನುತ್ತಿದ್ದ.

ಈಗ ನಿನಗೆ ಗೊತ್ತಿರುವ, ನನಗೆ ಗೊತ್ತಿರದಿದ್ದ ಸಂಗತಿಗೆ ಬರುತ್ತೇನೆ.

ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ, ಸಾಂಟೊಗೆ ಬೇಸಿಗೆಯ ಶನಿವಾರಗಳಲ್ಲಿ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. "ಕ್ಲೆಮ್‌ನ ಗ್ಯಾರೇಜಿಗೆ ಹೋಗಿ ಬರ್ತೀನಿ, ಅವನಿಗೊಂದು ಕೈ ಬೇಕಂತೆ," ಅನ್ನುತ್ತಿದ್ದ. ಕ್ಲೆಮ್ ನಿಮ್ಮ ಹಳೇ ಕ್ಯಾಚರ್; ವೆಲ್ಕರ್ ಊರವರಲ್ಲಿ ಸಾಂಟೊನನ್ನೂ ನನ್ನನ್ನೂ ಮಾತಾಡಿಸುತ್ತಿದ್ದವನು ಅವನೊಬ್ಬನೇ. ಹೋದವನು ಸಂಜೆ ಬರುತ್ತಿದ್ದ. ಗ್ಯಾರೇಜಿನಲ್ಲಿ ದಿನವಿಡೀ ಕೆಲಸ ಮಾಡಿದವನ ಉಗುರಿನಲ್ಲಿ ಗ್ರೀಸ್ ಇರಬೇಕು. ಇವನ ಉಗುರು ಪಾದ್ರಿಯ ಉಗುರಿನ ಹಾಗೆ. ಕತ್ತಿನ ಹಿಂಭಾಗ ಬಿಸಿಲಿಗೆ ಕೆಂಪು. ತೋಳಿನ ಮೇಲೆ ಸಾಸಿವೆ ಗೊಜ್ಜಿನ ಕಲೆ, ಪ್ಯಾಂಟಿನ ಮಡಿಕೆಯಲ್ಲಿ ಕಡಲೇಕಾಯಿ ಸಿಪ್ಪೆ. ಎಲ್ಲಕ್ಕಿಂತ ಹೆಚ್ಚಾಗಿ, ಮುಖದ ಮೇಲೆ ಒಂದು ಕಳೆ.

ನಾನು ಏನು ಅಂದುಕೊಂಡೆ ಎಂದು ನೀನು ಊಹಿಸಬಲ್ಲೆ. ಹೆದ್ದಾರಿಯ ಪಕ್ಕ ಐಸ್‌ಕ್ರೀಮ್ ಗಾಡಿ ಇಟ್ಟಿದ್ದ ವಿಧವೆ ರೊಸಾಲಿಯ ಮೇಲೆ ನನ್ನ ಕಣ್ಣು ಬಿತ್ತು. ಆಕೆ ಇವನಿಗೆ ಒಂದು ಚಮಚ ಹೆಚ್ಚೇ ಹಾಕುತ್ತಿದ್ದಳು. ಒಂದು ಶನಿವಾರ ನೆವ ಮಾಡಿಕೊಂಡು ಅಲ್ಲಿಗೆ ಹೋದೆ. ಆಕೆ ಒಬ್ಬಳೇ ಇದ್ದಳು, ನನಗೂ ಒಂದು ಚಮಚ ಹೆಚ್ಚು ಹಾಕಿದಳು. ಅದರಿಂದ ನನ್ನ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಗಂಡನ ಹತ್ತಿರ ನೇರವಾಗಿ ಕೇಳಲಿಲ್ಲ. ಕೇಳಿದರೆ ಅವನು ನಿಜ ಹೇಳಿಬಿಡುತ್ತಾನೆ ಎಂಬ ಹೆದರಿಕೆ.

ಶವಸಂಸ್ಕಾರ ಮುಗಿದ ವಾರದಲ್ಲಿ ತೆರೇಸಾ ಅವನ ಕಾರು ಚೊಕ್ಕಟ ಮಾಡಿದಳು. ಡಿಕ್ಕಿಯಲ್ಲಿ, ಸ್ಪೇರ್ ಚಕ್ರದ ಹಿಂದೆ, ಮಡಚಿಟ್ಟ ಒಂದು ಟೋಪಿ. ಹಸಿರು ಬಣ್ಣ, ಮುಂದೆ ಬಿಳಿಯ ಅಕ್ಷರ. ಹ್ಯಾನ್‌ವುಡ್ ಊರಿನ ಬೇಸ್‌ಬಾಲ್ ತಂಡದ ಟೋಪಿ. ಚರ್ಚಿನಲ್ಲಿ ನಿನ್ನ ತಲೆಯ ಮೇಲೆ ಇದ್ದದ್ದೂ ಇದೇ. ಗ್ಲಾಸ್ಟನ್‌ನಲ್ಲಾಗಲಿ ವೆಲ್ಕರ್‌ನಲ್ಲಾಗಲಿ ಆ ಟೋಪಿ ಹಾಕುವವರು ಯಾರೂ ಇಲ್ಲ. ಹ್ಯಾನ್‌ವುಡ್ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಟೋಪಿ ಕೈಯಲ್ಲಿ ಹಿಡಿದು ಕ್ಲೆಮ್‌ನ ಮನೆಗೆ ನಡೆದೆ. ಅವನು ಟೊಮ್ಯಾಟೊ ಗಿಡಕ್ಕೆ ಕಡ್ಡಿ ಕಟ್ಟುತ್ತಿದ್ದ. ಟೋಪಿ ನೋಡಿದವನೇ ದಾರ ಕೆಳಗಿಟ್ಟ.

"ಕೂತ್ಕೋ ಮಿಲ್ಲಿ. ಬೈಯೋದಾದ್ರೆ ಕೂತ್ಕೊಂಡು ಬೈಯಿ."

"ಯಾವಾಗಿಂದ?" ಎಂದೆ.

"ಏಳೆಂಟು ವರ್ಷ ಆಯ್ತು. ನಾನು ಮಾಡಿಸಿದ್ದಲ್ಲ, ತಾಯಾಣೆ. ನಾನು ವೆಂಡೆಲ್ ಜೊತೆ ಹ್ಯಾನ್‌ವುಡ್‌ಗೆ ಆಟ ನೋಡೋಕೆ ಹೋಗಿದ್ದೆ. ನಿನ್ನ ಗಂಡ ಒಬ್ನೇ ಬಂದು ನಮ್ಮ ಮುಂದಿನ ಸಾಲಲ್ಲಿ ಕೂತ. ತಿರುಗಿ ನೋಡಿದ. ಇವನೂ ನೋಡಿದ. ಇಬ್ರೂ ಎದ್ದು ಹೋಗ್ಲಿಲ್ಲ. ಎದ್ದವನು ಸೋತ ಹಂಗೆ ಅಲ್ವಾ? ಮುಂದಿನ ಶನಿವಾರನೂ ಹಂಗೇ. ಅದರ ಮುಂದಿನ ಶನಿವಾರನೂ."

"ಆಮೇಲೆ?"

"ಆಮೇಲೆ ಒಂದಿನ ನಿನ್ನ ಅಣ್ಣ, ಯಾರಿಗೋ ಹೇಳೋ ಹಂಗೆ, 'ಆ ಪಿಚರ್ ಮೊಣಕೈ ಬೀಳಿಸ್ತಿದಾನೆ' ಅಂದ. ಸಾಂಟೊ ತಿರುಗದೇನೇ, 'ಎರಡು ಇನ್ನಿಂಗ್ಸಿಂದ' ಅಂದ. ಅಷ್ಟೇ. ಮುಂದಿನ ವಾರ ಇಬ್ರೂ ಒಂದೇ ಸಾಲಲ್ಲಿ ಕೂತಿದ್ರು."

ಅಷ್ಟೇ ಅಂತೆ. ನಾನು ನನ್ನ ಮದುವೆಯಿಂದ ಕಾದಿದ್ದ ರಾಜಿ ಒಬ್ಬ ಅಪರಿಚಿತ ಹುಡುಗನ ಮೊಣಕೈ ಮೇಲೆ ಆಯಿತಂತೆ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕ್ಲೆಮ್ ಮತ್ತೆ ದಾರ ಎತ್ತಿಕೊಂಡು ಟೊಮ್ಯಾಟೊ ಗಿಡಕ್ಕೆ ಒಂದು ಗಂಟು ಹಾಕಿದ.

"ನಾನೂ ಕೇಳಿದ್ದೆ. 'ಮಿಲ್ಲಿಗೆ ಹೇಳಿದ್ರೆ ಊಟಕ್ಕೆ ಕರೀತಾಳೆ' ಅಂದ ಸಾಂಟೊ. 'ಊಟಕ್ಕೆ ಕರೆದ್ರೆ ಅಳ್ತಾಳೆ. ಅತ್ರೆ ನಮ್ಮಿಬ್ರಲ್ಲಿ ಯಾರಾದ್ರೂ ಒಬ್ರು ತಪ್ಪಾಯ್ತು ಅನ್ಬೇಕು. ಇವನು ಅನ್ನಲ್ಲ, ನಾನೂ ಅನ್ನಲ್ಲ. ಆಮೇಲೆ ಶನಿವಾರನೂ ಹೋಗುತ್ತೆ.'"

ಕ್ಲೆಮ್ ಇನ್ನೊಂದು ಮಾತು ಹೇಳಿದ. ಮೂರು ಬೇಸಿಗೆ ಹಿಂದೆ ಹ್ಯಾನ್‌ವುಡ್‌ನಲ್ಲಿ ಇಂಥದೇ ಸಂದರ್ಭದಲ್ಲಿ ಒಬ್ಬ ಹುಡುಗ ಬಂಟ್ ಮಾಡಿದನಂತೆ. ಜನ ಛೀಮಾರಿ ಹಾಕಿದರಂತೆ. ಆಗ ನೀನು ಬೆಂಚಿನ ಮೇಲೆ ಹತ್ತಿ ನಿಂತು, "ಬಾಯಿ ಮುಚ್ಕೊಂಡು ಕೂತ್ಕೊಳ್ರೋ! ಎರಡೇ ರನ್ ಇರೋದು! ಬಂಟ್ ಮಾಡ್ದೆ ಇನ್ನೇನ್ ಮಾಡ್ಬೇಕಿತ್ತು?" ಎಂದು ಇಡೀ ಮೈದಾನಕ್ಕೆ ಕೇಳಿಸುವ ಹಾಗೆ ಕೂಗಿದೆಯಂತೆ. ಸಾಂಟೊ ಕಡಲೇಕಾಯಿ ಪೊಟ್ಟಣ ನಿನ್ನ ಕಡೆ ಚಾಚಿದನಂತೆ, ನೀನು ಒಂದು ಮುಷ್ಟಿ ತೆಗೆದುಕೊಂಡೆಯಂತೆ.

ಇದನ್ನು ನಾನು ನಂಬಲಿಲ್ಲ. ಇನ್ನೂ ಪೂರ್ತಿ ನಂಬಿಲ್ಲ. ಕ್ಲೆಮ್ ಕ್ಯಾಚರ್ ಆಗಿದ್ದವನು. ಹೊರಗೆ ಬಿದ್ದ ಚೆಂಡನ್ನು ಅಂಪೈರ್ ಕಣ್ಣು ತಪ್ಪಿಸಿ ಒಳಕ್ಕೆ ಎಳೆದುಕೊಂಡು ಸರಿಯಾದ ಎಸೆತ, ಸ್ಟ್ರೈಕ್, ಅನ್ನಿಸುವುದೇ ಅವನ ಜೀವಮಾನದ ಕಸುಬು. ಹೊಸದಾಗಿ ವಿಧವೆಯಾದವಳ ಮುಂದೆ ಕಥೆಯನ್ನು ಸ್ವಲ್ಪ ಒಳಕ್ಕೆ ಎಳೆದಿರಲಾರ ಎಂದು ಹೇಗೆ ಹೇಳಲಿ?

ಮನೆಗೆ ಬಂದು ನಾನು ಅತ್ತದ್ದು ಯಾಕೆ ಗೊತ್ತೇ? ಬೇರೆ ಹೆಂಗಸಾಗಿದ್ದರೆ ಅವನನ್ನು ಎಂದೋ ಒಂದು ದಿನ ಕ್ಷಮಿಸುತ್ತಿದ್ದೆ. ರೊಸಾಲಿಯನ್ನೂ ಕ್ಷಮಿಸುತ್ತಿದ್ದೆ. ಅವನು ನನ್ನನ್ನು ಜಗಲಿಯಲ್ಲಿ ರೇಡಿಯೋ ಮುಂದೆ ಕೂರಿಸಿ ಆಟಕ್ಕೆ ಹೋಗುತ್ತಿದ್ದ. ನಿಜವಾದ ಹುಲ್ಲು, ನಿಜವಾದ ಚೆಂಡು, ಪಕ್ಕದಲ್ಲಿ ನನ್ನ ಸ್ವಂತ ಅಣ್ಣ. ಬಾಗಿಲಲ್ಲಿ ನಿಂತು, "ಇವತ್ತು ಆಟ ಕೇಳಿದ್ಯಾ, ಯಾರು ಗೆದ್ರು?" ಎಂದು ನನ್ನನ್ನೇ ಕೇಳುತ್ತಿದ್ದ. ನಿನ್ನ ಮೇಲಿನ ಸಿಟ್ಟು ಹಳೆಯದು, ಒಗ್ಗಿಹೋಗಿದೆ. ಅವನ ಮೇಲಿನದು ಹೊಚ್ಚಹೊಸದು, ಮತ್ತು ಅದನ್ನು ಕೇಳಿಸಿಕೊಳ್ಳಲು ಅವನೇ ಇಲ್ಲ. ಅದಕ್ಕೇ ನೀನು ಕೇಳಿಸಿಕೊಳ್ಳಬೇಕು.

ಹೋದ ಶನಿವಾರ ನಾನು ಬಸ್ಸು ಹತ್ತಿ ಹ್ಯಾನ್‌ವುಡ್‌ಗೆ ಹೋದೆ. ಯಾರಿಗೂ ಹೇಳಲಿಲ್ಲ. ನೀನು ಮೂರನೇ ಬೇಸಿನ ಕಡೆಯ ಬೆಂಚಿನಲ್ಲಿದ್ದೆ; ನಾನು ನಿನ್ನ ಹಿಂದೆ, ತುಂಬ ಮೇಲೆ, ಕಂಬದ ಪಕ್ಕ. ಮುದುಕನಾಗಿದ್ದೀಯ. ಬಲಗೈಯಿಂದ ಕಾಫಿ ಎತ್ತುವಾಗ ಎಡಗೈಯಿಂದ ಮೊಣಕೈಗೆ ಆಸರೆ ಕೊಡುತ್ತೀಯ. ಮೈದಾನ ತುಂಬಿತ್ತು, ಅವತ್ತು ಮಕ್ಕಳಿಗೆ ಉಚಿತವಂತೆ. ಬಲಗಡೆಯ ಸೀಟಿನ ಮೇಲೆ ನಿನ್ನ ಜಾಕೆಟ್ ಹಾಸಿದ್ದೆ. ದಪ್ಪ ಮನುಷ್ಯನೊಬ್ಬ ಬಂದು ಅದನ್ನು ತೋರಿಸಿ ಏನೋ ಕೇಳಿದ. ನೀನು ಮೈದಾನದಿಂದ ಕಣ್ಣು ಕೀಳದೆ ಹೇಳಿದ್ದು ನನಗೂ ಕೇಳಿಸಿತು, ನಿನ್ನ ಗಂಟಲು ಇನ್ನೂ ಹಾಗೇ ಇದೆ: "ಜನ ಇದಾರೆ."

ನನಗೆ ಅಲ್ಲಿಯೂ ಗುಮಾನಿ ಬಿಡಲಿಲ್ಲ. ಕಾಲು ಚಾಚಿಕೊಳ್ಳಲು ಹಿಡಿದಿರಬಹುದು, ಕ್ಲೆಮ್ ಬರುವವನಿರಬಹುದು, ಯಾರಾದರೂ ಹೊಸ ಗೆಳೆಯ ಸಿಕ್ಕಿರಬಹುದು. ಐದು ಇನ್ನಿಂಗ್ಸ್ ಕಾದೆ. ಯಾರೂ ಬರಲಿಲ್ಲ. ಆರನೇ ಇನ್ನಿಂಗ್ಸ್‌ನಲ್ಲಿ, ನಿನಗೆ ನೆನಪಿರಬೇಕು, ಎರಡನೇ ಬೇಸಿನ ಆ ಕುಳ್ಳ ಹುಡುಗ ಗಾಳಿಯಲ್ಲಿ ಅಡ್ಡ ಮಲಗಿ ಚೆಂಡು ಹಿಡಿದ. ಇಡೀ ಮೈದಾನ ಎದ್ದು ನಿಂತಿತು. ನೀನೂ ಎದ್ದೆ, ಬಾಯಿ ತೆರೆದೆ, ಬಲಕ್ಕೆ ತಿರುಗಿದೆ. ಜಾಕೆಟ್ ನೋಡಿದೆ. ಬಾಯಿ ಮುಚ್ಚಿಕೊಂಡೆ. ಮಿಕ್ಕವರೆಲ್ಲ ಇನ್ನೂ ಕೂಗುತ್ತಿರುವಾಗ ನೀನೊಬ್ಬನೇ ಕೂತುಬಿಟ್ಟೆ.

ಆಟಗಾರರು ಏನೇನು ನಟಿಸುತ್ತಾರೆ ಎಂದು ನಾನು ಜೀವನವಿಡೀ ನೋಡಿದ್ದೇನೆ. ತಾಗದ ಚೆಂಡಿಗೆ ಕುಂಟುತ್ತಾರೆ, ಹಿಡಿಯದ ಚೆಂಡನ್ನು ಹಿಡಿದೆವೆಂದು ಎತ್ತಿ ತೋರಿಸುತ್ತಾರೆ. ಆ ತಿರುಗಿದ್ದನ್ನು ಯಾರೂ ನಟಿಸಲಾರರು. ನನಗೂ ದಿನಾ ಜಗಲಿಯಲ್ಲಿ ಹಾಗೆಯೇ ಆಗುತ್ತಿದೆ. ರೇಡಿಯೋದಲ್ಲಿ ಜನ ಕೂಗಿದಾಗ ಅವನ ಕುರ್ಚಿಯ ಕಡೆ ತಿರುಗುತ್ತೇನೆ, ಜಗಳಕ್ಕೆ.

ಇಳಿದು ಬರಬೇಕು ಎಂದುಕೊಂಡೆ. ಎರಡು ಸಾಲು ಇಳಿದೆ ಕೂಡ. ಆದರೆ ಮುಖ ನೆಟ್ಟಗಿರಲಿಲ್ಲ, ಹ್ಯಾನ್‌ವುಡ್‌ನ ಅಷ್ಟು ಅಪರಿಚಿತರ ನಡುವೆ ಹ್ರಿಂಕೊ ಮನೆಯ ಹೆಂಗಸು ಅಳುವುದು ನನಗೆ ಬೇಡವಾಗಿತ್ತು. ಕೊನೆಯ ಔಟ್‌ವರೆಗೆ ಇದ್ದೆ. ನೀನೂ ಇದ್ದೆ. ಜನ ಖಾಲಿಯಾದ ಮೇಲೂ ಕೂತಿದ್ದೆ. ನಾನು ಬಸ್ಸಿಗೆ ಹೊರಟೆ.

ಈಗ ಕೇಳು. ನೀನು ತಪ್ಪಾಯಿತು ಅನ್ನಬೇಕಿಲ್ಲ. ನಾನೂ ಅನ್ನುವುದಿಲ್ಲ, ಬಂಟ್ ಸರಿಯಾಗಿಯೇ ಇತ್ತು, ಪಕ್ಕೆಗೆ ಹೊಡೆದದ್ದು ತಪ್ಪು, ಹುಲ್ಲು ಟೋಪಿಯವನು ಏಳನೇ ಇನ್ನಿಂಗ್ಸ್‌ನಲ್ಲೇ ಹೋದ. ಈ ಮೂರರಲ್ಲಿ ಒಂದನ್ನೂ ನಾನು ಬಿಟ್ಟುಕೊಡುವುದಿಲ್ಲ. ನಿನ್ನನ್ನು ಊಟಕ್ಕೂ ಕರೆಯುತ್ತಿಲ್ಲ. ನೀವಿಬ್ಬರೂ ಅಷ್ಟೊಂದು ಹೆದರಿದ್ದ ಆ ಊಟವನ್ನು ನಾನು ಮಾಡುವುದೇ ಇಲ್ಲ, ನಿಶ್ಚಿಂತೆಯಿಂದಿರು.

ಬರುವ ಶನಿವಾರ ನಾನು ಹ್ಯಾನ್‌ವುಡ್‌ಗೆ ಬರುತ್ತೇನೆ. ಆ ಜಾಕೆಟ್ ಎತ್ತಿ ಹೆಗಲಿಗೆ ಹಾಕಿಕೋ. ಆ ಸೀಟಿನಲ್ಲಿ ಯಾರು ಕೂರಬೇಕು ಎಂದು ಯಾವ ನಿಯಮದಲ್ಲೂ ಇಲ್ಲ, ಬರೆದದ್ದರಲ್ಲೂ ಬರೆಯದ್ದರಲ್ಲೂ. ಅಲ್ಲಿ ನಿನ್ನ ಪಕ್ಕ ಸಾಂಟೊ ಕೂರುತ್ತಿದ್ದ ಹಾಗೆ ನಾನು ಸುಮ್ಮನೆ ಕೂರುವವಳಲ್ಲ, ಎಸೆತ ಎಸೆತಕ್ಕೂ ಮಾತಾಡುತ್ತೇನೆ. ಮೊದಲೇ ಹೇಳಿದ್ದೇನೆ, ಆಮೇಲೆ ದೂರಬೇಡ.

ನಿನ್ನ ತೋಳಿನ ನೋವು ಇಳಿಯಲಿ. ಶನಿವಾರ ಬಿಸಿಲಿರಲಿ. ದೇವರು ನಿನ್ನನ್ನು ಒಂಬತ್ತೂ ಇನ್ನಿಂಗ್ಸ್ ಕಾಯಲಿ.

ಇನ್ನೂ ಪೂರ್ತಿ ನಂಬದ,
ನಿನ್ನ ತಂಗಿ
ಮಿಲ್ಲಿ